ಶನಿವಾರ ಬರಲ್ಲ ಭಾನುವಾರ ಬರ್ತೀನಿ

ಕಚೇರಿಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಈ ಮಹಾಶಯನಿಗೆ ಜೊತೆಯವರು ಇಟ್ಟ ಹೆಸರು ‘ಕರಿಪರದೆ’. ಮೌಸ್ ಕಂಡರೆ ಇವನಿಗಾಗದು. ಕಪ್ಪು ಪರದೆ, ಬಿಳಿ ಅಕ್ಷರ, ಕೀಲಿಮಣೆ, ಇಷ್ಟೇ ಪ್ರಪಂಚ. ಮನೆಯಲ್ಲಿ ಇಮೇಲ್ ಓದುವುದೂ ಅದರಲ್ಲೇ. ಹೆಂಡತಿ ಹೇಳಿ ಹೇಳಿ ಬಾಯಿ ನೋಯಿಸಿಕೊಂಡದ್ದೇ ಬಂತು.

ಇಂಥವನಿಗೆ ಅಕ್ಕ ಇಮೇಲ್ ಬರೆದಳು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅಮ್ಮನ ಹೊಲಿಗೆ ಯಂತ್ರವನ್ನು ಒಂದು ಮಾತೂ ಕೇಳದೆ ಇವನು ಮಾರಿದಂದಿನಿಂದ ಅವಳು ಇವನ ಹೊಸ್ತಿಲು ತುಳಿದಿರಲಿಲ್ಲ, ಫೋನ್ ಮಾಡಿದರೂ ಎತ್ತುತ್ತಿರಲಿಲ್ಲ. ಈಗ ತಾನಾಗಿಯೇ ಬರೆದಿದ್ದಾಳೆ! ಇವನು ಕುರ್ಚಿ ಎಳೆದುಕೊಂಡು ಕೂತ. ತೆರೆದರೆ ಏನಿದೆ? ಬಣ್ಣ, ಹೂವು ಹಾಕಿ ಸಿಂಗರಿಸಿದ ಪತ್ರ ಇವನ ಕಪ್ಪು ಪರದೆಯಲ್ಲಿ ಬರೀ ಆವರಣ ಚಿಹ್ನೆ, ಬಣ್ಣದ ಸಂಕೇತ, ಅಕ್ಷರದ ಅಳತೆ. ಅವುಗಳ ನಡುವೆ ಅಕ್ಕನ ಮಾತು ಎಲ್ಲಿದೆಯೋ ದೇವರೇ ಬಲ್ಲ.

“ಹೂವಿನ ಬಾರ್ಡರ್ ಇಲ್ದೆ ನಾಲ್ಕು ಮಾತು ಬರೆಯೋಕಾಗಲ್ವಾ ಇವಳಿಗೆ!”

“ರೀ, ನನ್ನ ಫೋನಿಗೆ ಕಳಿಸಿ, ಒಂದೇ ನಿಮಿಷದಲ್ಲಿ ಓದಿ ಹೇಳ್ತೀನಿ,” ಎಂದಳು ಹೆಂಡತಿ.

“ನೀನು ಸುಮ್ನಿರು. ಇದನ್ನ ಸರಿಮಾಡದೆ ನಾನು ಬಿಡಲ್ಲ.”

ಅಯ್ಯೋ ಪುಣ್ಯಾತ್ಮ, ಕಳಿಸಬಾರದಾಗಿತ್ತೇ? ಹಟ ಅಂದರೆ ಹಟ. ಇಂಥ ಪತ್ರ ಬಂದರೆ ಒಂದು ಪಠ್ಯ ಬ್ರೌಸರಿಗೆ ದಾಟಿಸಿ ಬರೀ ಅಕ್ಷರ ತೋರಿಸು ಎಂದು ಸೆಟ್ಟಿಂಗ್ ಫೈಲಿನಲ್ಲಿ ಸಾಲು ಬರೆದ. ಏನೂ ಆಗಲಿಲ್ಲ, ಫೈಲನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದ. ಅಲ್ಲಿಂದ ಎತ್ತಿಟ್ಟರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ! ಅದನ್ನೂ ತಿದ್ದಿದ. ಕೊನೆಗೆ ಅಕ್ಷರ ಕಂಡಿತು, ಆದರೆ ಪದಗಳ ನಡುವೆ ಚೌಕ ಆವರಣದಲ್ಲಿ ‘ಎಸ್’ ಎಂಬ ಇಂಗ್ಲಿಷ್ ಅಕ್ಷರ ಬೇರೆ. “ಇದೊಂದು ದರಿದ್ರ ಕಸ,” ಎಂದು ಗೊಣಗಿ, ಅದನ್ನು ಕಿತ್ತೆಸೆಯಲು ಇನ್ನೊಂದು ಸಾಲು ಸೇರಿಸಿದ. ಈಗ ಪತ್ರ ತೊಳೆದಿಟ್ಟಷ್ಟು ಚೊಕ್ಕಟ:

“ಶನಿವಾರ ಬರಲ್ಲ ಭಾನುವಾರ ಬರ್ತೀನಿ. ಸಂಜೆ ಬಸ್ಸು. ನೀನೇ ನಿಲ್ದಾಣಕ್ಕೆ ಬರಬೇಕು. ಬರದಿದ್ರೆ ನಾನು ಬಂದಿದ್ದು ನಿನಗೆ ಬೇಕಿಲ್ಲ ಅಂತ ತಿಳ್ಕೊಂಡು ಅದೇ ಬಸ್ಸಲ್ಲಿ ವಾಪಸ್ ಹೋಗ್ತೀನಿ.”

“ನೋಡಿದ್ಯಾ?” ಎಂದು ಹೆಂಡತಿಯ ಮುಂದೆ ಬೀಗಿದ.

ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಲ್ದಾಣದಲ್ಲಿ ನಿಂತ. ಬಸ್ಸು ಬಂತು, ಜನ ಇಳಿದರು, ಕಂಡಕ್ಟರನೂ ಇಳಿದ. ಅಕ್ಕ ಇಲ್ಲ. ಉರಿದುಕೊಂಡು ಮನೆಗೆ ಬಂದ.

“ಹೇಳಿದ ಮಾತಿಗೆ ನಿಲ್ಲೋದೇ ಗೊತ್ತಿಲ್ಲ ಇವಳಿಗೆ!”

“ಸಾಕು ಮಾಡಿ. ಆ ಪತ್ರ ಮೊದಲು ನನ್ನ ಫೋನಿಗೆ ಕಳಿಸಿ,” ಎಂದಳು ಹೆಂಡತಿ. ಈ ಸಲ ಕಳಿಸಿದ. ನೋಡುತ್ತಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು.

“ರೀ, ‘ಬರಲ್ಲ ಭಾನುವಾರ’ ಅನ್ನೋದರ ಮೇಲೆ ಗೀಟು ಎಳೆದು ಹೊಡೆದುಹಾಕಿದ್ದಾರಲ್ರೀ! ಅತ್ತಿಗೆ ಬರೋದು ಶನಿವಾರವೇ ಆಗಿತ್ತು.”

ಅಕ್ಕ ಬರೆದದ್ದನ್ನು ಅಳಿಸುವವಳೇ ಅಲ್ಲ. ತಪ್ಪಾದರೆ ಒಂದು ಗೀಟು ಎಳಿ, ಮುಂದೆ ಬರಿ ಎಂದು ಮಕ್ಕಳಿಗೆ ಕಲಿಸಿದವಳು; ಮೊದಲು ಕಲಿತವನು ಇವನೇ. ಕಸ ಎಂದು ಇವನು ಕಿತ್ತೆಸೆದ ಆ ‘ಎಸ್’ಗಳೇ, ಗೀಟು ಎಳೆಯಲು ಬಾರದ ಬ್ರೌಸರ್ ಅವಳ ಗೀಟಿನ ಬದಲಿಗೆ ಇಟ್ಟ ಗುರುತು. ನಿನ್ನೆ ಸಂಜೆ ಅವಳು ಇಳಿದು, ಅತ್ತಿತ್ತ ನೋಡಿ, ಮತ್ತೆ ಅದೇ ಬಸ್ಸು ಹತ್ತಿದ್ದಳು.

ಅವನು ಕುರ್ಚಿಯ ಮೇಲೆ ಕುಸಿದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ.

“ಈಗ ಎಲ್ಲಿಗ್ರೀ?”

“ಅಕ್ಕನ ಮನೆಗೆ. ಬಾಗಿಲು ತೆಗೀದಿದ್ರೆ ಮೆಟ್ಟಿಲ ಮೇಲೇ ಕೂತಿರ್ತೀನಿ.”