ಚರಂಡಿ ಕಾರ್ಡು

ನಮ್ಮ ಶಾಲೆಯ ಚರಿತ್ರೆ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ‘ಛೀ ಮೇಷ್ಟ್ರು’. ಸುಮ್ಮನೆ ಇಟ್ಟ ಹೆಸರಲ್ಲ. ಬಾಗಿಲ ಹಿಡಿಯನ್ನು ಅವರು ಕರ್ಚೀಫಿನಲ್ಲಿ ಹಿಡಿದು ತಿರುಗಿಸುತ್ತಿದ್ದರು. ಸೀಮೆಸುಣ್ಣಕ್ಕೆ ಹಾಳೆ ಸುತ್ತಿ ಬರೆಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರ ಲೋಟಗಳು ಕಿಟಕಿಯ ಕಟ್ಟೆಯ ಮೇಲೆ ಬೋರಲು ಬಿದ್ದಿದ್ದರೆ, ಅವರದು ಮಾತ್ರ ಬೀರುವಿನೊಳಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಿತ್ತು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ರಕ್ತ, ಕೀವು, ವಾಂತಿ ನೋಡಿ ಮನೆಗೆ ಬಂದರೆ ಗಂಡ ಚಮಚದ ಮೇಲೆ ಕಲೆ ಹುಡುಕುತ್ತಾ ಕೂತಿರುತ್ತಿದ್ದರಂತೆ. “ನಿಮ್ಮನ್ನ ಒಂದು ವಾರ ನನ್ನ ವಾರ್ಡಲ್ಲಿ ಬಿಡಬೇಕು ಕಣ್ರೀ, ಆಗ ಬುದ್ಧಿ ಬರುತ್ತೆ” ಎಂದು ಆಕೆ ನನ್ನೆದುರಿಗೇ ಒಮ್ಮೆ ಹೇಳಿದ್ದರು. ಮೇಷ್ಟ್ರು ಆ ಮಾತಿಗೂ “ಛೀ” ಎಂದರು.

ನಾನು ಅದೇ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಹನ್ನೆರಡು ವರ್ಷ ಸ್ಟಾಫ್ ರೂಮಿನಲ್ಲಿ ಅವರ ಎದುರಿನ ಕುರ್ಚಿ ನನ್ನದು. ಆ ಕೋಣೆಯ ಹಿಂಗೋಡೆಗೆ ಅಂಟಿಕೊಂಡೇ ಮಕ್ಕಳ ಪಾಯಿಖಾನೆ. ಗಾಳಿ ತಿರುಗಿದಾಗ ಕಿಟಕಿ ಹಾಕಿಕೊಳ್ಳಬೇಕು. ಹಾಕಿದರೆ ಸೆಕೆ, ತೆಗೆದರೆ ನಾತ. ವರ್ಷಕ್ಕೆ ಹತ್ತು ತಿಂಗಳು ನಾವು ಸೆಕೆಯನ್ನೇ ಆರಿಸಿಕೊಳ್ಳುತ್ತಿದ್ದೆವು. ಆ ಪಾಯಿಖಾನೆ ತೊಳೆಯುವವಳನ್ನು ಎಲ್ಲರೂ ನೀರಕ್ಕ ಎನ್ನುತ್ತಿದ್ದರು. ಕೆಟ್ಟ ನಲ್ಲಿಗಳನ್ನು ಯಾರೂ ರಿಪೇರಿ ಮಾಡಿಸದೆ, ಅಂಗಳದ ತೊಟ್ಟಿಯಿಂದ ಬಕೆಟಿನಲ್ಲಿ ನೀರು ಹೊತ್ತು ಹೊತ್ತು ಅವಳ ಒಂದು ಭುಜ ಇಳಿದುಹೋಗಿತ್ತು. ಒಮ್ಮೆ ನಮ್ಮ ಜವಾನ ರಜೆಯಲ್ಲಿದ್ದಾಗ ಅವಳೇ ಟೀ ತಂದಳು. ಮೇಷ್ಟ್ರು ಲೋಟ ತೆಗೆದುಕೊಂಡರು, ಥ್ಯಾಂಕ್ಸ್ ಹೇಳಿದರು, ಅವಳು ಆಚೆ ಹೋದ ಮೇಲೆ ಟೀಯನ್ನು ಹೂವಿನ ಕುಂಡಕ್ಕೆ ಸುರಿದು ಲೋಟವನ್ನು ಮೂರು ಸಲ ತೊಳೆದರು. ನಾನು ನೋಡಿದೆ. ನನ್ನ ಟೀ ಕೂಡ ಹಾಗೇ ಆರಿಹೋಗಿತ್ತು.

ಎಂಟನೇ ತರಗತಿಯಲ್ಲಿ ‘ನಾಗರಿಕತೆಯ ಲಕ್ಷಣಗಳು’ ಎಂಬ ಪಾಠವಿದೆ. ನಗರ, ದವಸದ ಸಂಗ್ರಹ, ಕಸುಬುಗಳ ಹಂಚಿಕೆ, ಆಡಳಿತ, ಬರವಣಿಗೆ, ನಂಬಿಕೆ, ಕಟ್ಟಡ ಮತ್ತು ಕಾಲುವೆ: ಹೀಗೆ ಏಳು. ಆ ವರ್ಷದ ಪರೀಕ್ಷೆಯಲ್ಲಿ ನಲವತ್ತಾರು ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ಐದನೆಯ ಲಕ್ಷಣ ‘ಮೆರವಣಿಗೆ’ ಎಂದು ಬರೆದಿದ್ದರು. ಅಂಗಡಿಯಲ್ಲಿ ಸಿಗುವ ಗೈಡಿನಲ್ಲಿ ‘ಬರವಣಿಗೆ’ ಹಾಗೆ ಅಚ್ಚಾಗಿತ್ತು. ಒಬ್ಬನಂತೂ ‘ಮೆರವಣಿಗೆ ಇಲ್ಲದಿದ್ದರೆ ಲೆಕ್ಕಪತ್ರ ಇಡುವುದು ಕಷ್ಟ’ ಎಂದು ವಿವರಣೆಯನ್ನೂ ಕೊಟ್ಟಿದ್ದ.

ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರು ನಗಲಿಲ್ಲ. ಉತ್ತರಪತ್ರಿಕೆಗಳ ಕಟ್ಟನ್ನು ಎರಡು ಬೆರಳಲ್ಲಿ ದೂರ ತಳ್ಳಿದರು.

“ಯಾರೋ ಅಗಿದು ಉಗಿದದ್ದನ್ನ ಇವರು ಮತ್ತೆ ಬಾಯಿಗೆ ಹಾಕ್ಕೊಂಡು ನನ್ನ ಮೇಜಿನ ಮೇಲೆ ಉಗಿದಿದ್ದಾರೆ ಟೀಚರ್. ನಲವತ್ತೊಂದು ಸಲ. ವಾಕರಿಕೆ ಬರುತ್ತೆ.”

“ಮಕ್ಕಳದ್ದೇನು ತಪ್ಪು ಮೇಷ್ಟ್ರೇ?”

“ಮಕ್ಕಳ ಮೇಲಲ್ಲ. ಇಪ್ಪತ್ತಮೂರು ವರ್ಷದಿಂದ ಇದನ್ನ ನುಂಗಿಸ್ತಾ ಬಂದಿರೋದು ನಾನಲ್ವಾ?”

ಅದೇ ವಾರ ಪಾಠದ ನಡುವೆ ಹಿಂದಿನ ಬೆಂಚಿನಲ್ಲಿ ನಡೆಯುತ್ತಿದ್ದ ಒಂದು ಆಟವನ್ನು ಮೇಷ್ಟ್ರು ಹಿಡಿದರು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮನೆಗಳನ್ನು ಗೀಚಿ, ಅಂಗಿಯ ಗುಂಡಿಗಳನ್ನು ಕಾಯಿ ಮಾಡಿಕೊಂಡು ನಾಲ್ಕು ಹುಡುಗಿಯರು ಆಡುತ್ತಿದ್ದರು. ಆಟ ಕಟ್ಟಿದವಳು ದರ್ಜಿಯ ಮಗಳು. ಅಪ್ಪನ ಅಂಗಡಿಯ ಗುಂಡಿಗಳು ಸದಾ ಅವಳ ಜೇಬಿನಲ್ಲಿ ಇರುತ್ತಿದ್ದುದರಿಂದ ಅವಳ ಹೆಸರೇ ಗುಂಡಿ. ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ಆರು ಬಂದಿತ್ತು. ಮೇಷ್ಟ್ರು ನೋಟ್‌ಬುಕ್ಕನ್ನು ಕಿತ್ತುಕೊಂಡು ಸ್ಟಾಫ್ ರೂಮಿಗೆ ತಂದು ನೋಡಿದರೆ, ಹಾಳೆಯ ಹಿಂಬದಿಯಲ್ಲಿ ಹನ್ನೊಂದು ನಿಯಮಗಳು. ಒಂದು ಇನ್ನೊಂದಕ್ಕೆ ಅಡ್ಡ ಬರದ ಹಾಗೆ, ಒಂದೂ ಕಾಗುಣಿತದ ತಪ್ಪಿಲ್ಲದೆ.

ಮರುದಿನ ಅವರು ತರಗತಿಯಲ್ಲಿ ಪಾಠದ ಪುಸ್ತಕ ತೆಗೆಸಲಿಲ್ಲ. “ಒಂದು ನಗರದ ಆಟ ಕಟ್ಟಿ” ಎಂದರು. “ಏಳೂ ಲಕ್ಷಣ ಅದರಲ್ಲಿರಬೇಕು. ಆದ್ರೆ ಪಟ್ಟಿ ಬರೆದು ಅಂಟಿಸಿದ್ರೆ ಒಪ್ಪಲ್ಲ. ಯಾವುದಾದ್ರೂ ಒಂದನ್ನ ತೆಗೆದ್ರೆ ಆಟ ನಿಂತುಹೋಗಬೇಕು. ನಿಲ್ಲದಿದ್ರೆ ಅದು ಬರೀ ಅಲಂಕಾರ.”

ಆಟದ ಹಲಗೆಗೆ ಬಣ್ಣ ಹಚ್ಚಲು ನನ್ನನ್ನು ಕರೆದರು. ಹಾಗಾಗಿ ಮುಂದಿನದನ್ನೆಲ್ಲ ನಾನು ಕಣ್ಣಾರೆ ಕಂಡೆ.

ಮೂರು ವಾರ ಆ ತರಗತಿ ಸಂತೆಯಾಯಿತು. ಬರವಣಿಗೆ ಯಾಕೆ ಬೇಕು ಎಂಬುದು ಎರಡನೆಯ ದಿನವೇ ಗೊತ್ತಾಯಿತು: ಕಣಜಕ್ಕೆ ಯಾರು ಎಷ್ಟು ಕಾಳು ಹಾಕಿದರು ಎಂದು ಇಬ್ಬರು ಕಿತ್ತಾಡಿದಾಗ, ಮೂರನೆಯವಳೊಬ್ಬಳು ಯಾರೂ ಹೇಳದೆಯೇ ಪೆನ್ಸಿಲ್ ತೆಗೆದುಕೊಂಡು ಗೀಟು ಹಾಕತೊಡಗಿದಳು. ಮೇಷ್ಟ್ರ ಮುಖ ಅರಳಿತು. ಆ ಮುಖ ಹಾಗೆ ಅರಳಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ನಗರದಲ್ಲಿ ಜನ ಹೆಚ್ಚಿದ ಹಾಗೆ ಕೊಳೆಯೂ ಹೆಚ್ಚಬೇಕು ಎಂಬ ನಿಯಮ ತಂದವಳು ಗುಂಡಿ. ಪ್ರತಿ ಸುತ್ತಿಗೆ ಎರಡು ಕಪ್ಪು ಗುಂಡಿ ಹಲಗೆಯ ನಡುವೆ ಬೀಳುತ್ತವೆ. ಇಪ್ಪತ್ತಾದರೆ ರೋಗ ಬಂದು ಊರೇ ಮುಗಿಯಿತು. ಅದನ್ನು ಸುತ್ತಿಗೆ ನಾಲ್ಕರಂತೆ ತೆಗೆಯಲು ಒಂದು ಕಾರ್ಡು: ಚರಂಡಿಯವನು. ಕಸುಬಿನ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದಾಗ ರಾಜ, ಸೇನಾಪತಿ, ಕುಂಬಾರ, ಬರೆಯುವವನು ಎಲ್ಲ ಖಾಲಿಯಾದವು. ಚರಂಡಿಯ ಕಾರ್ಡನ್ನು ಯಾರೂ ಮುಟ್ಟಲಿಲ್ಲ. ಮೊದಲ ದಿನ ಊರು ಸತ್ತಿತು. ಎರಡನೆಯ ದಿನ ಸತ್ತಿತು. ಮೂರನೆಯ ದಿನ ಎಲ್ಲರೂ ಕಪ್ಪು ಗುಂಡಿಗಳನ್ನು ಎಣಿಸುತ್ತಾ, ಬೈದಾಡುತ್ತಾ, ಕಾರ್ಡಿನ ಕಡೆ ನೋಡದೆ ಸತ್ತರು.

“ಯಾರಾದ್ರೂ ತಗೊಳ್ರೋ!” ಎಂದು ರಾಜನಾಗಿದ್ದ ಹುಡುಗ ಕೂಗಿದ. ಅವನ ಗಂಟಲಿಗೆ ತಕ್ಕಂತೆ ಅವನ ಹೆಸರು ರೇಡಿಯೋ.

“ನೀನೇ ತಗೋ.”

“ನಾನು ರಾಜ ಕಣೇ! ನಾನ್ಯಾಕೆ ಬಳೀಲಿ?”

ನಾಲ್ಕನೆಯ ದಿನ ರೇಡಿಯೋ ಹೊಸ ನಿಯಮ ತಂದ. ದಾಳದಲ್ಲಿ ಒಂದು ಬಿದ್ದವನು ಚರಂಡಿಗೆ ಇಳಿಯಬೇಕು. ಇಳಿದವನು ಮತ್ತೆ ಹತ್ತುವ ಹಾಗಿಲ್ಲ. “ಇಲ್ಲಾಂದ್ರೆ ಎಲ್ಲಾ ಓಡಿಹೋಗ್ತಾರೆ ಸರ್” ಎಂದ. ಹಲಗೆಯ ಸುತ್ತ ಆಡುತ್ತಿದ್ದ ಆರು ಜನರಲ್ಲಿ ಐದು ಕೈಗಳು ಒಪ್ಪಿಗೆಗೆ ಎದ್ದವು. ಗುಂಡಿಯೊಬ್ಬಳೇ ಕೈ ಎತ್ತಲಿಲ್ಲ. ಆ ದಿನ ಊರು ಬದುಕಿತು. ಚರಂಡಿಗೆ ಬಿದ್ದ ಹುಡುಗ ಮಾತ್ರ ಆಟ ಮುಗಿಯುವವರೆಗೆ ಕಪ್ಪು ಗುಂಡಿ ಹೆಕ್ಕುತ್ತಲೇ ಇದ್ದ. ಮಿಕ್ಕವರು ತಮಗರಿಯದೆಯೇ ಕುರ್ಚಿಗಳನ್ನು ಅವನಿಂದ ಒಂದು ಗೇಣು ದೂರ ಎಳೆದುಕೊಂಡಿದ್ದರು.

ಮೇಷ್ಟ್ರು ಸ್ಟಾಫ್ ರೂಮಿಗೆ ಬಂದು ಕೂತರು. ಬೀರುವಿನಿಂದ ಲೋಟ ತೆಗೆದರು, ಬಟ್ಟೆ ಬಿಚ್ಚಿದರು, ಹಾಗೇ ಕೈಯಲ್ಲಿ ಹಿಡಿದುಕೊಂಡರು.

“ಯಾರು ಹೇಳಿಕೊಟ್ರು ಟೀಚರ್ ಇವರಿಗೆ? ಯಾವ ಗೈಡಲ್ಲಿದೆ ಇದು?”

ಹೂವಿನ ಕುಂಡ ನಮ್ಮಿಬ್ಬರ ನಡುವೆ ಇತ್ತು.

ಮಾರನೆಯ ದಿನ ಕಸದ ಬುಟ್ಟಿ ಒಯ್ಯಲು ಬಂದ ನೀರಕ್ಕ ಹಲಗೆಯ ಮುಂದೆ ನಿಂತಳು. ಗುಂಡಿ ಅವಳಿಗೆ ಆಟವನ್ನೆಲ್ಲ ವಿವರಿಸಿದಳು. ನೀರಕ್ಕ ಸೊಂಟಕ್ಕೆ ಬುಟ್ಟಿ ಏರಿಸಿಕೊಂಡು ನಕ್ಕಳು.

“ಇವನೊಬ್ಬನೇ ಒಂದು ಸುತ್ತಲ್ಲಿ ನಾಲ್ಕು ತೆಗೀತಾನಾ? ಆಗೋ ಮಾತಾ? ನೀರೆಲ್ಲಿದೆ ನಿಮ್ಮೂರಲ್ಲಿ? ನೀರು ಸುರೀದೆ ಎಷ್ಟು ಉಜ್ಜಿದ್ರೂ ಅಷ್ಟೇ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಳ್ಕೊಂಡು ಹೋಗುತ್ತೆ. ಮೊದ್ಲು ಇವನಿಗೊಬ್ಬ ನೀರು ತರೋನನ್ನ ಕೊಡಿ. ಆಮೇಲೆ ಇವನಿಗೆ ಜ್ವರ ಬಂದ್ರೆ ಯಾರು ಮಾಡ್ತಾರೆ, ಅದನ್ನೂ ಬರ್ಕೊಳ್ಳಿ.”

ಮಕ್ಕಳು ಬಾಯಿ ತೆರೆದು ನೋಡಿದರು. ಮೇಷ್ಟ್ರು ಎದ್ದು ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿದರು. ಅವಳು ಕೂರಲಿಲ್ಲ. ನಿಂತೇ ಕಾಲು ಗಂಟೆ ಮಾತಾಡಿದಳು. ಅವಳು ಹೋದ ಮೇಲೆ ಮಕ್ಕಳು ಮೂರು ನಿಯಮ ತಿದ್ದಿದರು. ಚರಂಡಿ ಕಾರ್ಡು ಸುತ್ತಿಗೊಬ್ಬರ ಕೈಗೆ ದಾಟಬೇಕು, ರಾಜನ ಕೈಗೂ. ರೇಡಿಯೋ ಒಂದು ಪೀರಿಯಡ್ ಪೂರ್ತಿ ಅರಚಾಡಿ ಕೊನೆಗೆ ಸೋತ.

ಅಷ್ಟರಲ್ಲಿ ಶಿಕ್ಷಣಾಧಿಕಾರಿ ಶಾಲೆ ನೋಡಲು ಬರುತ್ತಾರೆಂಬ ಸುದ್ದಿ ಬಂತು. ನಮ್ಮ ಹೆಡ್ ಮಾಸ್ಟರರಿಗೆ ಆಟದ ವಿಷಯ ಗೊತ್ತಾಗಿದ್ದೇ ತಡ, ಅದು ಅವರದೇ ಯೋಜನೆಯಾಯಿತು. ಗೇಟಿಗೆ ಬ್ಯಾನರ್ ಕಟ್ಟಿಸಿದರು: ‘ಆಟದ ಮೂಲಕ ಪಾಠ’. ಕೆಳಗೆ ಅವರ ಭಾವಚಿತ್ರ, ಮಕ್ಕಳ ಹಲಗೆಗಿಂತ ದೊಡ್ಡದು. ನನ್ನ ಪೋಸ್ಟರ್ ಬಣ್ಣ ಅವರ ಕಣ್ಣಿಗೆ ಸಾಲದೆಂದು ಹಲಗೆಯ ಅಂಚಿಗೆ ಚಿನ್ನದ ಬಣ್ಣದ ಕಾಗದ ಅಂಟಿಸಿದರು. ಹಿಂದಿನ ದಿನ ಬಂದು ಕಾರ್ಡುಗಳನ್ನು ಒಂದೊಂದಾಗಿ ತಿರುವಿದರು.

“ಇದೇನ್ರೀ ಮೇಷ್ಟ್ರೇ, ಚರಂಡಿ? ದೊಡ್ಡೋರು ಬರೋ ಹೊತ್ತಲ್ಲಿ ಹೊಲಸು ಯಾಕೆ? ನಾಳೆ ಮಟ್ಟಿಗೆ ತೆಗೀರಿ.” ಕಾರ್ಡನ್ನೂ ಕಪ್ಪು ಗುಂಡಿಗಳ ಡಬ್ಬಿಯನ್ನೂ ತೆಗೆದುಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, “ಪಾಯಿಖಾನೆಗೂ ಬೀಗ ಹಾಕಿಸಿದ್ದೀನಿ. ವಾಸನೆ ಬರಬಾರ್ದು” ಎಂದರು.

“ಮಕ್ಕಳು ಎಲ್ಲಿಗೆ ಹೋಗ್ಬೇಕು ಸರ್?” ಎಂದೆ ನಾನು.

“ಒಂದು ದಿನ ತಡ್ಕೊಳ್ಳಲಿ.”

ಮೇಷ್ಟ್ರು ನೆಲ ನೋಡುತ್ತಾ ನಿಂತಿದ್ದರು.

ಮಾರನೆಯ ದಿನ ಅಧಿಕಾರಿ ಬರಬೇಕಾದದ್ದು ಹತ್ತಕ್ಕೆ, ಬಂದದ್ದು ಎರಡೂವರೆಗೆ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಮಕ್ಕಳು ಬೆಳಗಿನಿಂದ ಸಾಲಾಗಿ ನಿಂತಿದ್ದರು. ಹುಡುಗರು ಕಾಂಪೌಂಡಿನ ಹಿಂದೆ ಹೋಗಿ ಬಂದರು. ಹುಡುಗಿಯರು ತಡೆದುಕೊಂಡರು. ಒಂದು ಗಂಟೆಯ ಸುಮಾರಿಗೆ ಸಾಲಿನ ಕೊನೆಯಲ್ಲಿದ್ದ ಆರನೇ ತರಗತಿಯ ಹುಡುಗಿಯೊಬ್ಬಳ ಕಾಲಬಳಿ ನೆಲ ಒದ್ದೆಯಾಯಿತು. ಅವಳು ಅಳಲೂ ಇಲ್ಲ. ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ನಾನು ನನ್ನ ದುಪ್ಪಟ್ಟಾ ಸುತ್ತಿ ಅವಳನ್ನು ಒಳಗೆ ಕರೆದೊಯ್ದೆ. ಹೆಡ್ ಮಾಸ್ಟರ್ ಬಂದು ಆ ಜಾಗದ ಮೇಲೆ ಕುಂಡವೊಂದನ್ನು ಇಡಿಸಿದರು. ಅದನ್ನು ನೋಡಿದ ಮೇಷ್ಟ್ರ ಮುಖ ನೋಡಿದೆ. ಇಪ್ಪತ್ತು ಕಲೆಬಿದ್ದ ಚಮಚಗಳಿಗೂ ಆ ಮುಖದಲ್ಲಿ ಅಷ್ಟು ಹೇಸಿಗೆ ಕಂಡಿರಲಿಲ್ಲ.

ಅಧಿಕಾರಿ ಬಂದರು, ಹಲಗೆಯ ಮುಂದೆ ನಿಂತರು, ಫೋಟೋ ಆಯಿತು. ಮಕ್ಕಳು ಐದು ಸುತ್ತು ಆಡಿದರು. ಊರು ಫಳಫಳ ಬೆಳೆಯಿತು. “ಭೇಷ್! ಯಾರು ಗೆದ್ರಿ?” ಎಂದು ಅಧಿಕಾರಿ ಕೇಳಿದರು.

ಗುಂಡಿ ಎದ್ದು ನಿಂತಳು. “ಯಾರೂ ಗೆದ್ದಿಲ್ಲ ಸರ್. ಇಷ್ಟೊತ್ತಿಗೆ ಅರ್ಧ ಊರು ಹಾಸಿಗೆ ಹಿಡೀಬೇಕಿತ್ತು. ಕೊಳೆ ಎಲ್ಲಾ ಹೆಡ್ ಮಾಸ್ಟರ್ ಡ್ರಾಯರಲ್ಲಿದೆ.”

ಅಧಿಕಾರಿ ಅದನ್ನು ತಮಾಷೆ ಎಂದುಕೊಂಡು ಗಹಗಹಿಸಿದರು. ಹೆಡ್ ಮಾಸ್ಟರರೂ ನಕ್ಕರು, ಹಲ್ಲು ಮಾತ್ರ. ಮೇಷ್ಟ್ರು ನಗುವವರ ನಡುವಿನಿಂದ ಹೊರಟುಹೋದರು. ಮರಳಿ ಬಂದಾಗ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಬೀಗದ ಕೈ. ಕಪ್ಪು ಗುಂಡಿಗಳನ್ನು ಹಲಗೆಯ ಮೇಲೆ ಸುರಿದರು. ಒಂದೆರಡು ಉರುಳಿ ಅಧಿಕಾರಿಯ ಬೂಟಿಗೆ ತಾಗಿದವು.

“ಇದಿಲ್ದೆ ಆಟ ಸುಳ್ಳು ಸರ್. ಬನ್ನಿ, ನಿಜವಾದದ್ದು ಹಿಂದಿದೆ, ತೋರಿಸ್ತೀನಿ. ಬೆಳಗ್ಗಿಂದ ಬೀಗ ಹಾಕಿಟ್ಟಿದ್ದೀವಿ.”

ಅಧಿಕಾರಿ ಬರಲಿಲ್ಲ. ಗಡಿಯಾರ ನೋಡಿಕೊಂಡು, ಇನ್ನೊಂದು ಶಾಲೆಗೆ ತಡವಾಯಿತೆಂದು ಕಾರು ಹತ್ತಿದರು. ಬೀಗ ತೆಗೆದದ್ದು ಮೇಷ್ಟ್ರೇ. ಹುಡುಗಿಯರು ಓಡಿದರು.

ಸೋಮವಾರ ಹೆಡ್ ಮಾಸ್ಟರರ ಆದೇಶ ಬಂತು. ಎಂಟನೇ ತರಗತಿಯ ಚರಿತ್ರೆಯನ್ನು ಬೇರೆಯವರಿಗೆ ಕೊಟ್ಟು, ಮೇಷ್ಟ್ರನ್ನು ‘ಶಾಲಾ ಸ್ವಚ್ಛತೆಯ ಉಸ್ತುವಾರಿ’ ಮಾಡಿದ್ದರು. ಅವಮಾನ ಮಾಡಲೆಂದೇ ಮಾಡಿದ್ದು. ಸ್ಟಾಫ್ ರೂಮಿನಲ್ಲಿ ಕೆಲವರು ಮೂಗು ಮುಚ್ಚಿಕೊಂಡು ನಕ್ಕರು. ಮೇಷ್ಟ್ರು ಆದೇಶವನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಹಿಂಭಾಗಕ್ಕೆ ನಡೆದರು.

ಮೊದಲ ದಿನ ವಾಂತಿ ಮಾಡಿಕೊಂಡರು. ಎರಡನೆಯ ದಿನವೂ. ನೀರಕ್ಕ ಬೆನ್ನು ತಟ್ಟಿದಳು. “ಬಾಯಲ್ಲಿ ಉಸಿರಾಡಿ ಮೇಷ್ಟ್ರೇ. ಮೊದ್ಲು ನೀರು ಸುರೀರಿ, ಆಮೇಲೆ ಪೊರಕೆ. ಕೆಳಗೆ ನೋಡ್ಬೇಡಿ, ಮುಂದೆ ನೋಡಿ.” ಆಮೇಲೆ ಮೆಲ್ಲಗೆ, “ನಂಗೂ ಮೊದ್ಲು ಹೀಗೇ ಆಗ್ತಿತ್ತು. ಯಾರೂ ಕೇಳಲಿಲ್ಲ ಅಷ್ಟೇ.”

ಮೇಷ್ಟ್ರು ಅವಳಿಗೆ ಆ ಹೂವಿನ ಕುಂಡದ ಸಂಗತಿ ಹೇಳಿಬಿಟ್ಟರು. ಅವಳು ಕ್ಷಮಿಸಿದೆ ಎನ್ನಲಿಲ್ಲ. “ಗೊತ್ತಿತ್ತು. ಆ ಗಿಡ ಒಣಗಿದ್ದು ನಾನೇ ಅಲ್ವಾ ಎತ್ತಿ ಹಾಕಿದ್ದು?” ಎಂದು ಬಕೆಟ್ ಎತ್ತಿಕೊಂಡು ಹೋದಳು.

ಉಸ್ತುವಾರಿಯ ಅಧಿಕಾರದಲ್ಲೇ ಮೇಷ್ಟ್ರು ಅರ್ಜಿ ಮೇಲೆ ಅರ್ಜಿ ಬರೆದು, ಕಚೇರಿಯಿಂದ ಕಚೇರಿಗೆ ಅಲೆದು, ಐದು ತಿಂಗಳಲ್ಲಿ ನಲ್ಲಿಗಳಲ್ಲಿ ನೀರು ಬರುವಂತೆ ಮಾಡಿದರು. ಇನ್ನೊಂದು ಕೆಲಸವನ್ನೂ ಮಾಡಿದರು: ಪಾಳಿಯ ಪಟ್ಟಿ. ನೀರಕ್ಕನ ವಾರದ ರಜೆಯ ದಿನವಾದ ಶುಕ್ರವಾರ ತೊಳೆಯುವವರು ಯಾರು? ಮಕ್ಕಳ ಹೆಸರು ಒಂದೂ ಇರಲಿಲ್ಲ. ಹದಿನಾಲ್ಕು ಶಿಕ್ಷಕರು, ಹದಿನೈದನೆಯ ಹೆಸರು ಹೆಡ್ ಮಾಸ್ಟರರದು. ಮೊದಲ ತಿಂಗಳಲ್ಲೇ ಒಬ್ಬರಿಗೆ ಬೆನ್ನುನೋವು ಬಂತು, ಇಬ್ಬರಿಗೆ ಅಲರ್ಜಿ ಬಂತು, ವಿಜ್ಞಾನದವರು ತಮ್ಮ ನೇಮಕದ ಪತ್ರವನ್ನೇ ತಂದು ತೋರಿಸಿದರು. ಕೊನೆಗೆ ಉಳಿದದ್ದು ಮೇಷ್ಟ್ರು ಮತ್ತು ನಾನು. ನಾನೇನೂ ಮಹಾ ಧೈರ್ಯದವಳಲ್ಲ. ಆ ಆರನೇ ತರಗತಿಯ ಹುಡುಗಿ ದಿನವೂ ಎದುರಿಗೆ ಸಿಗುತ್ತಾಳೆ, ಅಷ್ಟೇ.

ಮೇಷ್ಟ್ರ ಅಸಹ್ಯ ಹೋಯಿತೇ ಎಂದರೆ, ಇಲ್ಲ. ತೊಳೆದು ಬಂದ ಮೇಲೆ ಇವತ್ತಿಗೂ ಮೊಣಕೈವರೆಗೆ ಸಾಬೂನು ಹಚ್ಚಿ ಹತ್ತು ನಿಮಿಷ ಉಜ್ಜಿಕೊಳ್ಳುತ್ತಾರೆ. ಹೆಡ್ ಮಾಸ್ಟರರ ಹೆಸರನ್ನೂ ಅವರು ಪಟ್ಟಿಯಿಂದ ತೆಗೆದಿಲ್ಲ. ತಿಂಗಳ ಮೊದಲ ದಿನ ಹೊಸ ಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಚುಚ್ಚುತ್ತಾರೆ. ಹೋದ ತಿಂಗಳು ಹೆಡ್ ಮಾಸ್ಟರ್ ಅದರ ಮುಂದೆ ನಿಂತು, “ಇದನ್ನ ಯಾವಾಗ ನಿಲ್ಲಿಸ್ತೀರ್ರೀ?” ಎಂದು ಗದರಿದರು.

“ನಿಮ್ಮ ಪಾಳಿ ಶುಕ್ರವಾರ ಸರ್” ಎಂದರು ಮೇಷ್ಟ್ರು.