ಇರುವೆಯ ಮೂಲ

ಮಗಳ ಶಾಲೆಯ ಪ್ರಾಜೆಕ್ಟ್ ನೆಪದಲ್ಲಿ ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಗೆ ಸ್ಪೇನಿನ ಆರ್ಚ್‌ಬಿಷಪ್ ಒಬ್ಬರು ಬಂದು ಕೂತರು. ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯ. ಪದಗಳ ಮೂಲ ಹೇಳುವ ದಪ್ಪ ಪುಸ್ತಕ ಬರೆದಿದ್ದರಂತೆ. ಲ್ಯಾಟಿನ್ನಿನಲ್ಲಿ ಇರುವೆಗೆ ಆ ಹೆಸರು ಬಂದದ್ದು ಅದು ಕಾಳಿನ ಚೂರು ಹೊರುವುದರಿಂದಂತೆ. ಬಹಳಷ್ಟು ಬರೀ ಊಹೆ. ಆದರೂ ಯುರೋಪು ಶತಮಾನಗಟ್ಟಲೆ ತಲೆದೂಗಿತು. ಈಗ ಇಂಟರ್‌ನೆಟ್ಟಿಗೆ ಅವರೇ ಕಾವಲು ಸಂತ ಎನ್ನುವವರಿದ್ದಾರೆ. ಸರಿಯಾಗೇ ಇದೆ ಬಿಡಿ.

ಅಯ್ಯೋ, ಇವರು ನಮ್ಮ ಡಾಕ್ಟರ್ ಅಂಕಲ್ಲೇ ಅಲ್ಲವೇ ಅನ್ನಿಸಿತು ನನಗೆ. ಅಂಕಲ್ ನಮ್ಮ ಕನ್ನಡ ಕೂಟದ ಹಿರಿಯರು, ರಿಟೈರ್ ಆದ ಸರ್ಜನ್. ಅವರ ಪ್ರಕಾರ ಭೂಮಿ ಮೇಲಿನ ಪದಗಳೆಲ್ಲ ಕನ್ನಡದವು. ಪಕ್ಕದ ಮೇರಿಲ್ಯಾಂಡ್ ಕೂಡ ‘ಮೇರೆ’ಯಿಂದ ಹುಟ್ಟಿದ್ದು. ಕನ್ನಡದ್ದು ಹೌದೋ ಅಲ್ಲವೋ ಎಂಬ ಅನುಮಾನ ಅವರಿಗಿದ್ದದ್ದು ನನ್ನೊಬ್ಬಳ ಮೇಲೆ. ನನ್ನ ತಲೆ ಮೇಲಿನ ದುಪಟ್ಟಾ ಕಂಡರೆ ಸಾಕು.

“ನಿಮ್ಮ ಕನ್ನಡ ಎಷ್ಟು ಚೆನ್ನಾಗಿದೆ ಕಣಮ್ಮಾ! ಮೂಲತಃ ಎಲ್ಲಿಯವರು?”

“ಮೈಸೂರು, ಅಂಕಲ್. ಮಂಡಿ ಮೊಹಲ್ಲಾ.”

“ಅದಲ್ಲಮ್ಮಾ. ಮೂಲ, ಮೂಲ!”

ಎಲ್ಲರೂ ಒಂದೊಂದು ಅಡುಗೆ ತರುವ ಪ್ರತಿ ಪಾಟ್‌ಲಕ್ ಊಟದಲ್ಲೂ ಇದೇ. ಎಷ್ಟೋ ಜನರ ಮೂಲವ್ಯಾಧಿ ಕತ್ತರಿಸಿ ತೆಗೆದ ಕೈ, ತನ್ನದನ್ನು ಮಾತ್ರ ಹಾಗೇ ಬಿಟ್ಟುಕೊಂಡಿತ್ತು.

ಆ ವರ್ಷ ರಾಜ್ಯೋತ್ಸವದ ಭಾಷಣ ಸ್ಪರ್ಧೆಯಲ್ಲಿ ಆರ್ಚ್‌ಬಿಷಪ್ ಬಗ್ಗೆ ಕನ್ನಡದಲ್ಲೇ ಮಾತಾಡುತ್ತೇನೆಂದು ಮಗಳು ಹಠ ಹಿಡಿದಳು. ತೀರ್ಪುಗಾರರು ಅಂಕಲ್. ನನ್ನನ್ನು ಕೇಳಿದರೆ ನುಂಗಿಕೊಳ್ಳುತ್ತೇನೆ. ಎಲ್ಲರೆದುರು ಮೈಕಿನಲ್ಲಿ ಮಗುವಿಗೂ ಅದನ್ನೇ ಕೇಳಿದರೆ? ಆಮೇಲೆ ಅವಳು ಕನ್ನಡ ಬಾಯಿಗೆ ತರುತ್ತಾಳೆಯೇ?

“ಅಮ್ಮಿ, ಆಂಟ್‌ಗೆ ಇರುವೆ ಅಂತ ಯಾಕೆ ಹೇಳ್ತಾರೆ?” ಎಂದಳು. ನನಗೇನು ಗೊತ್ತು ಮಣ್ಣು? ಆರ್ಚ್‌ಬಿಷಪ್ಪರನ್ನು ನೆನೆದು ಬಿಟ್ಟೆ ಒಂದು: “ಎಷ್ಟು ಓಡಿಸಿದ್ರೂ ಅದು ಹೋಗಲ್ಲ. ‘ನಾನು ಇಲ್ಲೇ ಇರುವೆ’ ಅನ್ನತ್ತೆ. ಅದಕ್ಕೇ.”

ವೇದಿಕೆ ಮೇಲೆ ಅವಳು ತನ್ನ ಅಮೆರಿಕನ್ ನಾಲಗೆಯಲ್ಲೇ ಶುರು ಮಾಡಿದಳು. “ಆರ್ಚ್‌ಬಿಷಪ್ ಬುಕ್ ಬರೆದ್ರು. ತುಂಬಾ ರಾಂಗ್. ಎಲ್ಲರೂ ನಂಬಿದ್ರು.” ಎಲ್ಲರಿಗಿಂತ ಜೋರಾಗಿ ನಕ್ಕವರು ಅಂಕಲ್. ಇರುವೆಯ ಮೂಲಕ್ಕಂತೂ ಭರ್ತಿ ಚಪ್ಪಾಳೆ. ಆಮೇಲೆ ಅವರು ಮೈಕು ಎತ್ತಿಕೊಂಡರು.

“ಭೇಷ್ ಪುಟ್ಟಿ! ಅಂದ ಹಾಗೆ, ನಿನ್ನ ಮೂಲ ಯಾವುದಮ್ಮಾ?”

ನಾನು ಕುರ್ಚಿಯಿಂದ ಅರ್ಧ ಎದ್ದೆ. ಆದರೆ ಮಗಳಿಗೆ ಗೊತ್ತಿದ್ದದ್ದು ಪದಗಳ ಮೂಲ ಮಾತ್ರ. ಪಾಪ, ಅಂಕಲ್‌ಗೆ ಇರುವೆಯ ವಿಷಯ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡಳು. ಕಿವಿ ಮಂದವಾದವರಿಗೆ ಹೇಳುವ ಹಾಗೆ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದಳು:

“ಹೇಳಿದ್ನಲ್ಲಾ ಅಂಕಲ್. ನಾನು ಇಲ್ಲೇ ಇರುವೆ.”

ಸಭೆ ಗೊಳ್ಳೆಂದಿತು. ಅಂಕಲ್ ಬಾಯಿ ತೆರೆದರು. “ಅದಲ್ಲಮ್ಮಾ” ಆ ನಗುವಿನಲ್ಲಿ ಮುಳುಗಿಹೋಯಿತು. ಬಹುಮಾನ ಬೇರೆ ಮಗುವಿಗೆ ಹೋಯಿತು; ನಾನು ಮಾತ್ರ ಅಳುತ್ತಾ ಚಪ್ಪಾಳೆ ತಟ್ಟುತ್ತಲೇ ಇದ್ದೆ.