ಬಲಗೈಯ ಹನ್ನೆರಡು ಅಕ್ಷರಗಳು

ಇಂಗ್ಲಿಷ್ ಭಾಷೆಯಲ್ಲಿ ನನಗೆ ಇಷ್ಟವಾದದ್ದು ಬಹಳ ಕಡಿಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ನಾಲ್ಕು ತಾಲೂಕು ಸುತ್ತಿ, ಇಪ್ಪತ್ತೆರಡು ವರ್ಷ ಅದನ್ನೇ ಕಲಿಸಿ ಸಂಬಳ ತಿಂದವನು ಹೀಗೆ ಹೇಳಬಾರದು. ಆದರೂ ನಿಮ್ಮ ಮುಂದೆ ಮುಚ್ಚಿಡುವುದೇನು? ಅದರ ಸ್ಪೆಲ್ಲಿಂಗನ್ನು ನಂಬುವಂತಿಲ್ಲ. ಉಚ್ಚಾರವನ್ನಂತೂ ನಾನು ಕಲಿತದ್ದೇ ನನ್ನ ಮಾಸ್ತರರಿಂದ, ಅವರು ಅವರ ಮಾಸ್ತರರಿಂದ; ಇಂಗ್ಲಿಷರು ಆ ಸರಪಳಿಯಲ್ಲಿ ಎಲ್ಲಿಯೂ ಬರುವುದಿಲ್ಲ. ನನಗೆ ಇಷ್ಟವಾದದ್ದು ಮೋಡಲ್ ಎಂದು ಕರೆಯುವ ಹನ್ನೆರಡು ಸಹಾಯಕ ಕ್ರಿಯಾಪದಗಳು ಮಾತ್ರ. ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಅವುಗಳ ಹಿಂದೆ ಬಡ ನೆಂಟರ ಹಾಗೆ ಆಟ್, ನೀಡ್, ಡೇರ್.

ಇಷ್ಟವಾಗಲು ಕಾರಣವಿದೆ. ಅವು ಯಾರಿಗೂ ಬಗ್ಗುವುದಿಲ್ಲ. ಉಳಿದ ಕ್ರಿಯಾಪದಗಳು ಮುಂದೆ ಯಾರು ನಿಂತಿದ್ದಾರೆಂದು ನೋಡಿ ಮೈ ಬದಲಿಸುತ್ತವೆ. 'ಐ' ಬಂದರೆ 'ಗೋ', 'ಹಿ' ಬಂದರೆ 'ಗೋಸ್'. 'ಆಮ್', 'ಈಸ್', 'ಆರ್' ಎಂಬ ಮೂವರಂತೂ ಸಾಹೇಬರ ಬಾಗಿಲಲ್ಲಿ ನಿಂತ ಜವಾನರು. ಕ್ಯಾನ್ ಹಾಗಲ್ಲ. ಅದರ ಮುಂದೆ ಸರ್ವನಾಮವಿರಲಿ, ನಾಮಪದವಿರಲಿ, ಒಬ್ಬರಿರಲಿ, ನೂರು ಜನರಿರಲಿ, ಗೌಡರಿರಲಿ, ಗೌಡರ ಎತ್ತಿರಲಿ, ಅದು ಕ್ಯಾನ್ ಆಗಿಯೇ ಇರುತ್ತದೆ. ತನ್ನ ಹಿಂದೆ ಬರುವ ಕ್ರಿಯಾಪದಕ್ಕೂ ಬಾಲ ಹಚ್ಚಿಕೊಳ್ಳಲು ಬಿಡುವುದಿಲ್ಲ.

ನಮ್ಮ ಕನ್ನಡದ 'ಬೇಕು' ಕೂಡ ಇದೇ ಜಾತಿಯದು. ಅವನು ಬರಬೇಕು, ಅವಳು ಬರಬೇಕು, ಎಮ್ಮೆ ಬರಬೇಕು. ಆದರೆ ಶಕ್ತಿಯ ಮಾತು ಬಂದ ಕೂಡಲೇ ನಮ್ಮ ಭಾಷೆ ಮನುಷ್ಯರನ್ನು ಬೇರೆ ಬೇರೆ ಮಾಡುತ್ತದೆ: ನಾನು ಬಲ್ಲೆ, ಅವನು ಬಲ್ಲ, ಅವರು ಬಲ್ಲರು. ಕರ್ತವ್ಯ ಎಲ್ಲರಿಗೂ ಒಂದೇ, ಸಾಮರ್ಥ್ಯ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಇದನ್ನು ಕಂಡುಹಿಡಿದ ದಿನ ನಾನು ಬಹಳ ಹಿಗ್ಗಿದೆ. ಹೆಂಡತಿಗೆ ಹೇಳಿದೆ. ಅವಳು "ಹಿಟ್ಟಿನ ಗಿರಣಿ ಮುಚ್ಚೂದರಾಗ ಹೋಗಿ ಬರ್ರಿ" ಎಂದಳು.

ತೊಂಬತ್ತರ ದಶಕದ ನಡುವೆ ನಾನು ದೇವರ ಹಿಪ್ಪರಗಿಯಲ್ಲಿದ್ದೆ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾದವರಿಗೆ ಸಂಜೆ ಐದರಿಂದ ಆರರವರೆಗೆ ಪುಕ್ಕಟೆ ಪಾಠ ಹೇಳುತ್ತಿದ್ದೆ. ಅವರಿಗಾಗಿ ಒಂದು ಉಪಾಯ ಮಾಡಿದ್ದೆ. ಹೆಬ್ಬೆರಳು ಬಿಟ್ಟರೆ ಒಂದು ಕೈಗೆ ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗೆಣ್ಣು, ಒಟ್ಟು ಹನ್ನೆರಡು. ಎಡಗೈ ಗೆಣ್ಣುಗಳ ಮೇಲೆ ಏಳು ಸರ್ವನಾಮ, ಐದು ನಾಮಪದ. ಬಲಗೈ ಗೆಣ್ಣುಗಳ ಮೇಲೆ ಹನ್ನೆರಡು ಮೋಡಲ್. ಎಡ ಹೆಬ್ಬೆರಳನ್ನು ಯಾವ ಗೆಣ್ಣಿನ ಮೇಲೆ ಬೇಕಾದರೂ ಇಡಿ, ಬಲ ಹೆಬ್ಬೆರಳನ್ನೂ ಹಾಗೆಯೇ ಇಡಿ, ಜೋಡಿ ತಪ್ಪುವುದಿಲ್ಲ. ಮುಂದೆ ಒಂದು ಕ್ರಿಯಾಪದ ಸೇರಿಸಿದರೆ, ಆಟ್ ಇದ್ದಲ್ಲಿ ಮಾತ್ರ ನಡುವೆ ಒಂದು 'ಟು' ಇಟ್ಟರೆ, ವಾಕ್ಯ ನಿಂತುಕೊಳ್ಳುತ್ತದೆ. ನಮ್ಮ ಕಡೆ ತಿಂಗಳು, ತಿಥಿ ಎಲ್ಲ ಗೆಣ್ಣಿನ ಮೇಲೆಯೇ ಎಣಿಸುವುದು. ಹಾಗಾಗಿ ಮಕ್ಕಳಿಗೆ ಇದು ಹೊಸದೆನಿಸಲಿಲ್ಲ. ನೆನಪು ಕೂಡುವವರೆಗೆ ಗೆಣ್ಣಿನ ಮೇಲೆ ಪೆನ್ನಿನಿಂದ ಮೊದಲ ಅಕ್ಷರ ಬರೆದುಕೊಳ್ಳಿರಿ ಎಂದು ಹೇಳಿದವನೂ ನಾನೇ.

ಆ ಪಾಠಕ್ಕೆ ಕಾಶಿಬಾಯಿ ಎಂಬ ಹೆಣ್ಣುಮಗಳು ಬರುತ್ತಿದ್ದಳು. ಮೂರು ಮೈಲಿ ಆಚೆಯ ಹಳ್ಳಿಯವಳು. ಮೂವತ್ತರ ಹತ್ತಿರದ ವಯಸ್ಸು, ಒಬ್ಬಳು ಚಿಕ್ಕ ಮಗಳು. ಅವಳ ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಜಾಗ ಖಾಲಿ ಇತ್ತು. ಹತ್ತನೆಯ ತರಗತಿ ಪಾಸಾದ ಹೆಣ್ಣುಮಗಳು ಊರಲ್ಲಿ ಒಬ್ಬಳೂ ಇರಲಿಲ್ಲ. ಅಕ್ಟೋಬರ್ ಪರೀಕ್ಷೆಯಲ್ಲಿ ಇಂಗ್ಲಿಷ್ ಪಾಸಾದರೆ ಜಾಗ ಅವಳದು, ಇಲ್ಲವಾದರೆ ಪಕ್ಕದ ಊರಿನಿಂದ ಯಾರಾದರೂ ಬರುತ್ತಾರೆ. ಅವಳು ಮೂರು ಸಲ ಕಟ್ಟಿ ಮೂರು ಸಲವೂ ಬಿದ್ದಿದ್ದಳು.

ಅವಳ ತೊಂದರೆ ಇಷ್ಟೇ. ಗೆಣ್ಣಿನ ಮೇಲೆ ಬರೆದುಕೊಂಡದ್ದು ದಿನಾ ರೊಟ್ಟಿ ಬಡಿಯುವಾಗ ಅಳಿಸಿಹೋಗುತ್ತಿತ್ತು. ಸೆಪ್ಟೆಂಬರಿನ ಒಂದು ಸಂಜೆ ಅವಳು ತರಗತಿ ಮುಗಿದ ಮೇಲೆ ನನ್ನ ಮೇಜಿನ ಮುಂದೆ ಬಂದು ಬಲಗೈ ಚಾಚಿದಳು. ಕೈ ಬಾತುಕೊಂಡಿತ್ತು. ಒಂದೊಂದು ಗೆಣ್ಣಿನ ಮೇಲೂ ಹಸಿರು ಅಕ್ಷರ. ಸಂತೆಗೆ ಬರುವ ಹಚ್ಚೆಯವಳಿಂದ ಹಾಕಿಸಿಕೊಂಡಿದ್ದಳು.

"ಇನ್ನ ಅಳಸೂದಿಲ್ಲ ನೋಡ್ರಿ ಸರ" ಎಂದಳು.

"ಹುಚ್ಚಿ ಏನವ್ವಾ ನೀ? ಎಷ್ಟ ನೋಯ್ತು?"

"ನೋಯ್ತ ಬಿಡ್ರಿ. ಮೂರ ಸಲ ನಪಾಸ ಆದಷ್ಟೇನ ನೋಯಲಿಲ್ಲ."

ಹಚ್ಚೆಯವಳಿಗೆ ಯಾವ ಅಕ್ಷರವೂ ಗೊತ್ತಿರಲಿಲ್ಲ. ಕಾಶಿಬಾಯಿ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ನೋಡಿ ಚುಚ್ಚಿದ್ದಳು. ಶುಡ್ ಎಂಬುದರ ಎಸ್ ತಿರುವುಮುರುವಾಗಿತ್ತು. ನಾನು ಅದನ್ನು ಕಂಡು ನಕ್ಕೆ. ಅವಳೂ ನಕ್ಕಳು. ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದೆ. ಡ್ರಿಲ್ ಮಾಸ್ತರರು ಚಹಾ ಕೆಳಗಿಟ್ಟು, "ಗಂಡನ ಹೆಸರ ಹಾಕಿಸ್ಕೊಳ್ಳೂದು ಕೇಳಿದ್ವಿ. ಇಕಿ ನಿಮ್ಮ ಗ್ರಾಮರನ್ನ ಲಗ್ನ ಆಗ್ಯಾಳ ಬಿಡ್ರಿ" ಎಂದರು. ಎಲ್ಲರೂ ನಕ್ಕರು. ಈ ಕೈಯೊಂದಿಗೆ ಪರೀಕ್ಷೆಗೆ ಕೂಡುವುದು ಹೇಗೆಂದು ಅಲ್ಲಿದ್ದ ಏಳು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದವನು ನಾನು.

ಪರೀಕ್ಷೆ ಸಿಂದಗಿಯಲ್ಲಿ, ನನಗೂ ಅಲ್ಲಿಯೇ ಡ್ಯೂಟಿ. ಇಂಗ್ಲಿಷ್ ಪರೀಕ್ಷೆಯ ದಿನ ಇಂಗ್ಲಿಷ್ ಮಾಸ್ತರನಿಗೆ ಕೋಣೆಯ ಮೇಲ್ವಿಚಾರಣೆ ಕೊಡುವುದಿಲ್ಲ. ನನ್ನನ್ನು ಪಡಸಾಲೆಯಲ್ಲಿ ಗಂಟೆ ಹೊಡೆಯಲು, ನೀರು ಕೊಡಿಸಲು ನಿಲ್ಲಿಸಿದ್ದರು. ಅರ್ಧ ಗಂಟೆ ಕಳೆದ ಮೇಲೆ ತಪಾಸಣೆಯ ಸಾಹೇಬರು ಬಂದರು. ಆ ವರ್ಷಗಳಲ್ಲಿ ನಮ್ಮ ಕಡೆ ಕಿಟಕಿಯಿಂದ ಚೀಟಿ ಎಸೆಯುವುದು ಬಹಳ ನಡೆಯುತ್ತಿದ್ದುದರಿಂದ ಅವರು ಎಲ್ಲರ ಕೈ ಬಿಚ್ಚಿಸಿ ನೋಡುತ್ತಿದ್ದರು. ಕಾಶಿಬಾಯಿ ಕೂತಿದ್ದ ಮೂರನೆಯ ಬೆಂಚಿನ ಹತ್ತಿರ ನಿಂತರು.

"ಏನಿದು?"

"ಹಚ್ಚಿ ಐತ್ರಿ ಸಾಹೇಬ್ರ."

"ಹಚ್ಚಿ ನನಗೂ ಗೊತ್ತೈತಿ. ಇಂಗ್ಲಿಷ್‌ದಾಗ ಯಾಕ ಐತಿ?"

ಕಾಶಿಬಾಯಿ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ಸಾಹೇಬರೂ ನೋಡಿದರು. ನಾನು ಇಂಗ್ಲಿಷ್ ಮಾಸ್ತರನೆಂದು ಯಾರೋ ಹೇಳಿದರು.

"ಬರ್ರಿ ಮಾಸ್ತರ. ಈ ಅಕ್ಷರ ಇವತ್ತಿನ ವಿಷಯಕ್ಕ ಸಂಬಂಧಪಟ್ಟಾವೇನು?"

"ಹೌದ್ರಿ" ಎಂದೆ.

ನಾನು ಹೇಳಿದ್ದು ಸುಳ್ಳಲ್ಲ. ಅದರ ನಂತರ ಸಾಹೇಬರು ಕಿಸೆಯಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಹಿಂದಕ್ಕೆ ಸಿಕ್ಕಿಸಿದರು. ಅಷ್ಟು ಹೊತ್ತಿನಲ್ಲಿ ಇನ್ನೊಂದು ವಾಕ್ಯ ಹೇಳಲು ಜಾಗವಿತ್ತು. ಇದು ಚೀಟಿಯಲ್ಲ, ನಾನು ಕಲಿಸಿದ ಪದ್ಧತಿ, ಇದರಲ್ಲಿ ಒಂದು ಪ್ರಶ್ನೆಗೂ ಉತ್ತರವಿಲ್ಲ, ತಪ್ಪು ನನ್ನದು. ಈ ಮಾತು ನನ್ನ ಬಾಯಿಯಲ್ಲಿತ್ತು. ಆದರೆ ಪರೀಕ್ಷಾರ್ಥಿಗೆ ಖಾಸಗಿ ಪಾಠ ಹೇಳಿದವನು ಅದೇ ಕೇಂದ್ರದಲ್ಲಿ ಡ್ಯೂಟಿ ಮಾಡುತ್ತಿದ್ದಾನೆ ಎಂದಾದರೆ ಸಸ್ಪೆಂಡ್ ಆಗುತ್ತದೆಂಬುದೂ ತಲೆಯಲ್ಲಿತ್ತು. ಅವಳು ಕಾಯುತ್ತಿದ್ದಳು. ಬಾಯಿ ತೆರೆದು ನನ್ನ ಹೆಸರು ಹೇಳಲಿಲ್ಲ. ನಾನಾಗಿಯೇ ಹೇಳುತ್ತೇನೆಂದು ನಂಬಿ ಕಾಯುತ್ತಿದ್ದಳು.

ನಕಲು ಹಿಡಿದಾಗ ತುಂಬುವ ಫಾರಂನಲ್ಲಿ 'ವಶಪಡಿಸಿಕೊಂಡ ವಸ್ತುವನ್ನು ಲಗತ್ತಿಸುವುದು' ಎಂಬ ಕಾಲಂ ಇತ್ತು. ಕೈಯನ್ನು ಲಗತ್ತಿಸುವುದು ಹೇಗೆ? ಕ್ಲಾರ್ಕರು ತಲೆ ಕೆರೆದುಕೊಂಡರು. ಕೊನೆಗೆ ಅಕ್ಷರಗಳನ್ನು ಇದ್ದ ಹಾಗೆ ಒಂದು ಹಾಳೆಗೆ ನಕಲು ಮಾಡಿ ಸಾಕ್ಷಿಯ ಸಹಿ ಹಾಕಿಸಬೇಕೆಂದು ಆಯಿತು. ನನ್ನ ಅಕ್ಷರ ದುಂಡಗಿದೆ. ಹಾಳೆಯನ್ನು ನನ್ನ ಮುಂದೆ ಇಟ್ಟರು. ಅವಳು ಮೇಜಿನ ಮೇಲೆ ಅಂಗೈ ಬಿಚ್ಚಿ ಇಟ್ಟಳು. ನಾನು ಒಂದೊಂದೇ ಗೆಣ್ಣು ನೋಡಿ ಹನ್ನೆರಡೂ ಅಕ್ಷರ ಬರೆದೆ. ಆ ಎಸ್ಸನ್ನು ತಿರುವುಮುರುವಾಗಿಯೇ ಬರೆದೆ. ಸಹಿ ಮಾಡಿದೆ. ಅಷ್ಟು ಕರಾರುವಾಕ್ಕಾದ ಕೆಲಸವನ್ನು ನಾನು ನೌಕರಿಯಲ್ಲಿ ಮತ್ತೆ ಮಾಡಿಲ್ಲ.

ಅವಳ ಪರೀಕ್ಷೆ ರದ್ದಾಯಿತು, ಮುಂದಿನದಕ್ಕೂ ಅವಳು ಕೂಡುವಂತಿರಲಿಲ್ಲ. ಅಂಗನವಾಡಿಗೆ ಪಕ್ಕದ ಊರಿನವಳು ಬಂದಳು. ಒಂದು ಭಾನುವಾರ ನಾನು ಸೈಕಲ್ ಹತ್ತಿ ಅವಳ ಹಳ್ಳಿಯ ಹಳ್ಳದವರೆಗೆ ಹೋದೆ. ಅಲ್ಲಿಂದ ಮನೆ ಕಾಣುತ್ತಿತ್ತು. ಏನು ಹೇಳಬೇಕೆಂದು ತಿಳಿಯದೆ ತಿರುಗಿ ಬಂದೆ. ಬೋರ್ಡಿಗೆ ಪತ್ರ ಬರೆದೆ, ಅಂಚೆಗೆ ಹಾಕಲಿಲ್ಲ. ಆಮೇಲೆ ವರ್ಗವಾಯಿತು. ಹೋದಲ್ಲೆಲ್ಲ ಮೋಡಲ್ ಕಲಿಸಿದೆ, ಬೋರ್ಡಿನ ಮೇಲೆ ಎರಡು ಸಾಲು ಬರೆದು. ಹಿಪ್ಪರಗಿ ಕಡೆ ಒಬ್ಬ ಮಾಸ್ತರರು ಗೆಣ್ಣಿನ ಲೆಕ್ಕ ಹೇಳಿಕೊಡುತ್ತಿದ್ದರಂತೆ ಎಂದು ಮುದ್ದೇಬಿಹಾಳದಲ್ಲಿ ಒಬ್ಬ ಹುಡುಗ ನನ್ನ ಸುದ್ದಿಯನ್ನೇ ನನಗೆ ಹೇಳಿದ. ಗೊತ್ತಿಲ್ಲ ಎಂದೆ.

ಎಂಟು ವರ್ಷದ ಮೇಲೆ ಮತ್ತೆ ಹಿಪ್ಪರಗಿಗೆ ಬಂದೆ. ಜೂನಿನಲ್ಲಿ ದಾಖಲಾತಿಯ ಮೇಜು ನನ್ನದು. ಸಾಲಿನಲ್ಲಿ ಕಾಶಿಬಾಯಿ ಇದ್ದಳು, ಜೊತೆಗೆ ಎಂಟನೆಯ ತರಗತಿಗೆ ಸೇರುವ ಮಗಳು. ಕೂದಲಲ್ಲಿ ಒಂದೆರಡು ಬಿಳಿ ಎಳೆ. ಬಲಗೈ ಸೆರಗಿನೊಳಗಿತ್ತು.

"ಆರಾಮ ಅದೀರೇನ್ರಿ ಸರ?" ಎಂದಳು.

"ಅದೇನಿ. ಇಕಿ ನಿನ್ನ ಮಗಳೇನು? ಕೂಡ್ಸು, ನಾನಽ ಚಲೋತ್ನ್ಯಾಗ ಕಲಸ್ತೇನಿ."

ಈ ಮಾತನ್ನು ನಾನು ಬಹಳ ಆಸೆಯಿಂದ ಹೇಳಿದೆ. ಎಂಟು ವರ್ಷದ ಹಳ್ಳ ದಾಟಲು ಒಂದು ಕಲ್ಲು ಸಿಕ್ಕಂತಾಗಿತ್ತು.

ಕಾಶಿಬಾಯಿ ಬಲಗೈ ಸೆರಗಿನಿಂದ ತೆಗೆಯದೆ ಎಡಗೈಯಿಂದಲೇ ಮಗಳ ಜಡೆ ಸರಿಮಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

"ನಿಮ್ಮಷ್ಟ ಚಲೋ ಯಾರೂ ಕಲಸೂದಿಲ್ರಿ. ಅದಕ್ಕಽ ಹೇಳಾಕತ್ತೇನಿ. ಇಕಿನ್ನ ಬ್ಯಾರೆ ಸೆಕ್ಷನ್ನಿಗೆ ಹಾಕ್ರಿ."

ಹುಡುಗಿ ನನ್ನನ್ನೂ ತಾಯಿಯನ್ನೂ ನೋಡಿದಳು. ನಾನು ರಿಜಿಸ್ಟರಿನಲ್ಲಿ ಅವಳ ಹೆಸರನ್ನು ಬಿ ವಿಭಾಗದ ಪುಟದಲ್ಲಿ ಬರೆದೆ. ಬಿ ವಿಭಾಗದ ಮಾಸ್ತರ ಗೈಡ್ ನೋಡಿ ಬರೆಸುತ್ತಾನೆ, ವ್ಯಾಕರಣವನ್ನು ಬಿಟ್ಟೇಬಿಡುತ್ತಾನೆ. ಹುಡುಗಿಗೆ ಇಂಗ್ಲಿಷ್ ಬರಲಿಕ್ಕಿಲ್ಲ. ಅದು ಕಾಶಿಬಾಯಿಗೂ ಗೊತ್ತಿತ್ತು. ಗೊತ್ತಿದ್ದೇ ಸಹಿ ಮಾಡಿದಳು, ಎಡಗೈಯಿಂದ, ನಿಧಾನವಾಗಿ, ತಪ್ಪಿಲ್ಲದೆ.